ಮನೆಮಾತಿನೊಳಗೆ ಕಳೆದುಹೋಗದ ಹೆಸರು: ನಾಯಿಮರಿಯನ್ನು ಏನೆಂದು ಕರೆಯಬೇಕು?

ಪ್ರಶ್ನೆ: ನಮ್ಮದು ಕಾಸರಗೋಡಿನ ಬದಿಯಡ್ಕ ಸಮೀಪ ಅಡಿಕೆ ತೋಟದ ನಡುವಿನ ಮನೆ. ಎರಡು ತಿಂಗಳ ಹೆಣ್ಣು ನಾಯಿಮರಿ ತಂದಿದ್ದೇವೆ. ಊರ ತಳಿ, ಕಂದು ಬಣ್ಣ, ನಡುವಿಗೆ ಬೆಳ್ಳಗಿನ ಪಟ್ಟೆ. ಹೆಸರಿಡುವುದರಲ್ಲಿ ಮನೆಯೊಳಗೆ ಒಮ್ಮತವಿಲ್ಲ. ಮಕ್ಕಳಿಗೆ ‘ಚಾರ್ಲಿ’ ಆಗಬೇಕು, ಅಮ್ಮನಿಗೆ ‘ಕೆಂಪಿ’, ಹೆಂಡತಿಗೆ ‘ಮೋನು’. ತೋಟದ ಕೆಲಸಕ್ಕೆ ಬರುವ ಮಲಯಾಳ ಮಾತಿನವರು ಈಗಾಗಲೇ ‘ಪುಳ್ಳಿ’ ಎಂದು ಕರೆಯುತ್ತಾರೆ. ನನಗೆ ‘ಹಂಸಧ್ವನಿ’ ಎಂದಿಡುವ ಆಸೆ. ಮನೆಯೊಳಗೆ ಹವ್ಯಕ ಕನ್ನಡ, ಹೊರಗೆ ತುಳು ಮತ್ತು ಮಲಯಾಳ. ಐದು ವರ್ಷದ ‘ಜಿಮ್ಮಿ’ ಎಂಬ ಗಂಡು ನಾಯಿ ಮೊದಲೇ ಇದೆ. ಮರಿ ಯಾವ ಹೆಸರಿಗೂ ತಿರುಗಿ ನೋಡುವುದಿಲ್ಲ. ಯಾವ ಹೆಸರು ಒಳ್ಳೆಯದು, ಹೇಗೆ ಕಲಿಸಬೇಕು? ತಂಗಿಯ ಮನೆಗೆ ಮೂರು ವರ್ಷದ ನಾಯಿಯೊಂದು ಬರುವುದಿದೆ; ಅಷ್ಟು ದೊಡ್ಡದರ ಹೆಸರು ಬದಲಿಸಬಹುದೆ?

ಉತ್ತರ: ಮರಿ ಯಾವ ಹೆಸರಿಗೂ ತಿರುಗುವುದಿಲ್ಲ ಎಂಬಲ್ಲಿಂದಲೇ ಶುರುಮಾಡೋಣ. ಅದು ಮರಿಯ ದಡ್ಡತನ ಅಲ್ಲ. ಐವರು ಐದು ಬಗೆಯಲ್ಲಿ ಕರೆದರೆ ಆ ಐದರಲ್ಲಿ ಒಂದೂ ಅದಕ್ಕೆ ಹೆಸರಾಗುವುದಿಲ್ಲ. ಮಿಕ್ಸಿಯ ಸದ್ದು, ರೇಡಿಯೋದ ಸದ್ದು ಇದ್ದಂತೆ ಇವೂ ಮನೆಯ ಸದ್ದುಗಳಾಗಿಬಿಡುತ್ತವೆ. ಹಾಗಾಗಿ ಹೆಸರು ನಿಶ್ಚಯವಾಗುವ ತನಕ ಯಾರೂ ಯಾವ ಹೆಸರನ್ನೂ ಹೇಳಬೇಡಿ. ಊಟಕ್ಕೆ ಕರೆಯಲು ನಾಲಿಗೆಯಿಂದ ‘ಚ್ಚು ಚ್ಚು’ ಎಂದರೆ ಸಾಕು. ಎರಡು ಮೂರು ದಿನ ಹೆಸರಿಲ್ಲದೆ ಇದ್ದರೆ ಮರಿಗೆ ನಷ್ಟವೇನಿಲ್ಲ. ತಪ್ಪು ಹೆಸರನ್ನು ಕಲಿತು ಆಮೇಲೆ ಬಿಡಿಸುವುದು ಇದಕ್ಕಿಂತ ಕಷ್ಟ.

ನಮಗೆ ಹೆಸರೆಂದರೆ ಅರ್ಥ, ನೆನಪು, ಪ್ರೀತಿ. ನಾಯಿಗೆ ಅದು ಒಂದು ಸೂಚನೆ ಮಾತ್ರ: ‘ಇನ್ನು ಬರುವ ಮಾತು ನಿನಗೆ, ಇತ್ತ ನೋಡು’. ದಿನವಿಡೀ ಕಿವಿಗೆ ಬೀಳುವ ಸಾವಿರಾರು ಮಾತುಗಳಿಂದ ಆ ಒಂದು ಸೂಚನೆಯನ್ನು ಅದು ಹೆಕ್ಕಿ ತೆಗೆಯಬೇಕು. ಆದ್ದರಿಂದ ಹೆಸರು ಎಷ್ಟು ಚಂದ ಎಂಬುದಕ್ಕಿಂತ, ನಿಮ್ಮ ಮನೆಯಲ್ಲಿ ಆಡುವ ಮಾತಿನಿಂದ ಅದು ಎಷ್ಟು ದೂರ ನಿಲ್ಲುತ್ತದೆ ಎಂಬುದನ್ನು ಮೊದಲು ನೋಡಬೇಕು. ಬೆಂಗಳೂರಿನ ಫ್ಲ್ಯಾಟಿನಲ್ಲಿ ಚೆನ್ನಾಗಿ ನಡೆಯುವ ಹೆಸರು ನಿಮ್ಮ ತೋಟದ ಮನೆಯಲ್ಲಿ ಸೋಲಬಹುದು. ಯಾರೋ ಕೊಟ್ಟ ‘ನೂರು ಹೆಸರುಗಳ ಪಟ್ಟಿ’ ಹೆಚ್ಚು ಉಪಯೋಗಕ್ಕೆ ಬಾರದಿರುವುದು ಇದೇ ಕಾರಣಕ್ಕೆ.

ನಾಯಿಯ ಕಿವಿ ನಮ್ಮದಕ್ಕಿಂತ ಸೂಕ್ಷ್ಮ. ಮನುಷ್ಯರಿಗೆ ಸುಮಾರು 20,000 ಹರ್ಟ್ಸ್‌ವರೆಗಿನ ಸದ್ದು ಕೇಳಿಸಿದರೆ ನಾಯಿಗೆ ಸುಮಾರು 45,000ದವರೆಗೆ ಕೇಳಿಸುತ್ತದೆ. ಆದರೆ ಕಿವಿಗೆ ಬಿದ್ದದ್ದನ್ನೆಲ್ಲ ಅದು ಗಮನಿಸುತ್ತದೆ ಎಂದಲ್ಲ. ಬುಡಾಪೆಸ್ಟಿನ ಓಟ್ವೋಶ್ ಲೋರಾಂಡ್ ವಿಶ್ವವಿದ್ಯಾಲಯದ ಸಂಶೋಧಕರು ನಾಯಿಗಳ ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ಅಳೆದು 2020ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ತೋರಿಸಿತು. ಗೊತ್ತಿರುವ ಮಾತಿಗೂ ಪೂರ್ತಿ ಬೇರೆಯಾದ ಅರ್ಥಹೀನ ಶಬ್ದಕ್ಕೂ ಇರುವ ವ್ಯತ್ಯಾಸವನ್ನು ನಾಯಿಯ ಮಿದುಳು ಬೇಗ ಹಿಡಿಯಿತು. ಅದೇ ಮಾತಿನ ಒಂದು ಧ್ವನಿಯನ್ನಷ್ಟೇ ಬದಲಿಸಿದಾಗ ಹಿಡಿಯಲಿಲ್ಲ. ಅಂದರೆ ಒಂದೇ ಅಕ್ಷರದ ಅಂತರವನ್ನು ನಂಬಿಕೊಂಡು ಹೆಸರಿಡುವಂತಿಲ್ಲ. ನಾಯಿಯ ಹೆಸರಿಗೂ ಮನೆಯಲ್ಲಿ ಮತ್ತೆಮತ್ತೆ ಬರುವ ಮಾತಿಗೂ ಕಡಿಮೆಯೆಂದರೆ ಎರಡು ಕಡೆ ವ್ಯತ್ಯಾಸ ಇರಬೇಕು, ಅದರಲ್ಲಿ ಒಂದಾದರೂ ಮೊದಲ ಅಕ್ಷರದಲ್ಲಿರಬೇಕು.

ಈ ಅಳತೆಯನ್ನು ಹಿಡಿಯಲು ಒಂದು ದಿನದ ಕೆಲಸವಿದೆ. ಬೆಳಗ್ಗಿನಿಂದ ಸಂಜೆಯವರೆಗೆ ಮನೆಯಲ್ಲಿ ಗಟ್ಟಿಯಾಗಿ, ಪದೇಪದೇ ಬರುವ ಇಪ್ಪತ್ತು ಇಪ್ಪತ್ತೈದು ಮಾತುಗಳನ್ನು ಒಂದು ಚೀಟಿಯಲ್ಲಿ ಬರೆಯಿರಿ. ಮನೆಯವರನ್ನು ಕರೆಯುವ ಹೆಸರುಗಳು, ದನಗಳ ಹೆಸರು, ಬೆಕ್ಕಿನ ಹೆಸರು, ‘ಬಾ’, ‘ಹೋಗು’, ‘ಕೂರು’, ‘ಬೇಡ’, ಜೊತೆಗೆ ಅಡುಗೆಮನೆ ಮತ್ತು ಅಂಗಳದ ಮಾತುಗಳು. ನಿಮ್ಮಂಥ ಮನೆಯಲ್ಲಿ ಕಾಯಿ, ಕಾಪಿ, ಕತ್ತಿ, ಚಾಯ, ಚಾಲಿ (ಸಿಪ್ಪೆಯೊಡನೆ ಒಣಗಿಸಿದ ಅಡಿಕೆ), ಕೋಳಿ, ತೋಡು (ಸಣ್ಣ ಹಳ್ಳ), ಹಾಳೆ ಇವೆಲ್ಲ ಖಂಡಿತ ಬರುತ್ತವೆ. ತುಳು ಮತ್ತು ಮಲಯಾಳದಲ್ಲಿ ಆಡುವ ಆಜ್ಞೆಗಳನ್ನೂ ಸೇರಿಸಿ. ಈ ಕೊನೆಯದನ್ನು ಮರೆತರೆ ಕಾಸರಗೋಡಿನ ಮನೆಗಳಲ್ಲಿ ಎಡವಟ್ಟು ಆಗುವುದು ಹೆಚ್ಚು. ಗಿಡ್ಡ ಕಾಲಿನ ನಾಯಿಗೆ ‘ಕುಳ್ಳು’ ಎಂದಿಟ್ಟರೆ, ತುಳುವಿನಲ್ಲಿ ‘ಕುಲ್ಲು’ ಅಂದರೆ ಕೂತುಕೋ. ‘ಬಾಲು’ ಎಂದಿಟ್ಟರೆ ತುಳುವಿನ ‘ಬಲ’ ಅಂದರೆ ಬಾ. ‘ಪೊಪ್ಪಿ’ ಎಂದಿಟ್ಟರೆ ತುಳು, ಮಲಯಾಳ ಎರಡರಲ್ಲೂ ‘ಪೋ’ ಎಂದರೆ ಹೋಗು. ಒಬ್ಬರು ಹೆಸರು ಕರೆದಾಗ ಇನ್ನೊಬ್ಬರು ಓಡಿಸಿದ ಹಾಗೆ ಕೇಳಿಸಿದರೆ ನಾಯಿ ನಿಂತಲ್ಲೇ ನಿಲ್ಲುತ್ತದೆ, ನಾವು ಅದನ್ನು ಹಟಮಾರಿ ಎನ್ನುತ್ತೇವೆ.

ಇನ್ನು ನಿಮ್ಮ ಐದು ಹೆಸರುಗಳನ್ನು ಈ ಚೀಟಿಯ ಮುಂದೆ ನಿಲ್ಲಿಸಿ ನೋಡೋಣ.

‘ಚಾರ್ಲಿ’ ಎಂಬುದು ಮಕ್ಕಳ ಬಾಯಲ್ಲಿ ಸರಿಯಾಗಿಯೇ ಬರುತ್ತದೆ. ಆದರೆ ನಡುವಿನ ರಕಾರ ಹಿರಿಯರ ನಾಲಿಗೆಯಲ್ಲಿ ಸಲೀಸಾಗಿ ನಿಲ್ಲುವುದಿಲ್ಲ. ಅಮ್ಮ ‘ಚಾಲಿ, ಇತ್ಲಾಗಿ ಬಾ’ ಎನ್ನುವ ಸಾಧ್ಯತೆಯೇ ಹೆಚ್ಚು. ಅಡಿಕೆ ಬೆಳೆಯುವ ಮನೆಯಲ್ಲಿ ಚಾಲಿಯ ಮಾತು ಬಾರದ ದಿನವುಂಟೆ? ಅಂಗಳದಲ್ಲಿ ಚಾಲಿ ಒಣಗುವುದು, ಚಾಲಿ ಸುಲಿಯುವುದು, ಚಾಲಿಗೆ ಇವತ್ತು ಎಷ್ಟು ದರ, ಫೋನಿನಲ್ಲೂ ಅದೇ. ತನ್ನ ಹೆಸರಿನಂತೆ ಕೇಳುವ ಸದ್ದು ದಿನಕ್ಕೆ ಐವತ್ತು ಸಲ ಬಂದು, ಐವತ್ತು ಸಲವೂ ತನಗೇನೂ ಸಂಬಂಧವಿಲ್ಲವೆಂದಾದರೆ ಮರಿ ಆ ಸದ್ದನ್ನು ಅಲಕ್ಷಿಸಲು ಕಲಿಯುತ್ತದೆ. ಹೆಸರು ಸವೆಯುವುದು ಎನ್ನುವುದು ಇದಕ್ಕೇ. ಮಕ್ಕಳಿಗೆ ಬೇಸರವಾಗದಂತೆ ಈ ಕಾರಣವನ್ನು ವಿವರಿಸಿ ಹೇಳಿ, ಅವರಿಗೆ ಅರ್ಥವಾಗುತ್ತದೆ.

‘ಕೆಂಪಿ’ ಕೇಳಲು ಒಳ್ಳೆಯ ಹೆಸರು: ಎರಡೇ ಅಕ್ಷರ, ಕಕಾರದ ಗಟ್ಟಿ ಆರಂಭ. ಆದರೆ ಜಿಮ್ಮಿಯ ಪಕ್ಕದಲ್ಲಿಟ್ಟು ಹೇಳಿ ನೋಡಿ. ಎರಡರಲ್ಲೂ ಮೊದಲ ಸ್ವರ ಗಿಡ್ಡ, ನಡುವೆ ಮಕಾರದ ಸದ್ದು, ಕೊನೆಯಲ್ಲಿ ಇಕಾರ. ದೂರದಿಂದ ಕರೆದಾಗ ಉಳಿಯುವುದು ‘…ಮ್ಮೀ’, ‘…ಮ್ಪೀ’ ಮಾತ್ರ. ಒಂದನ್ನು ಕರೆದರೆ ಎರಡೂ ಬರುತ್ತವೆ, ಅಥವಾ ಎರಡೂ ಬರುವುದಿಲ್ಲ. ಕರಾವಳಿಯ ಹಟ್ಟಿಗಳಲ್ಲಿ ಕೆಂಪು ದನಕ್ಕೆ ಇದೇ ಹೆಸರು ಇರುವುದೂ ಸಾಮಾನ್ಯ. ನಿಮ್ಮ ಹಟ್ಟಿಯಲ್ಲಿ ಇದ್ದರಂತೂ ಇದನ್ನು ಬಿಟ್ಟುಬಿಡಿ. ಎರಡನೆಯ ನಾಯಿ ಬಂದಾಗ ‘ಜಿಮ್ಮಿಗೆ ಜೊತೆಯಾಗಿ ಜೂಲಿ, ಜಿಂಕಿ’ ಎಂದು ಪ್ರಾಸ ಹುಡುಕುವವರು ಬಹಳ. ಕೇಳುವವರಿಗೆ ಚಂದ ಕಂಡರೂ ನಾಯಿಗಳಿಗೆ ಅದರಿಂದ ತೊಂದರೆಯೇ. ಮೊದಲ ವ್ಯಂಜನ, ಮೊದಲ ಸ್ವರ, ಕೊನೆಯ ಸ್ವರ ಈ ಮೂರೂ ಬೇರೆಯಾಗಿದ್ದರೆ ಉತ್ತಮ; ಎರಡಾದರೂ, ಮುಖ್ಯವಾಗಿ ಕೊನೆಯ ಸ್ವರ, ಬೇರೆ ಇರಲೇಬೇಕು.

‘ಮೋನು’ ವಿಷಯದಲ್ಲಿ ತೊಂದರೆ ನಾಯಿಯದ್ದಲ್ಲ, ನೆರೆಯವರದ್ದು. ಮಲಯಾಳದಲ್ಲಿ ಮಗನನ್ನು ಪ್ರೀತಿಯಿಂದ ‘ಮೋನೇ’ ಎಂದು ಕರೆಯುತ್ತಾರೆ, ಮಗಳನ್ನು ‘ಮೋಳೇ’ ಎಂದು. ಆಚೆಮನೆಯ ತಾಯಿ ಮಗುವನ್ನು ಕರೆದಾಗ ನಿಮ್ಮ ನಾಯಿ ಬೇಲಿ ದಾಟಿ ಓಡುತ್ತದೆ. ನೀವು ನಾಯಿಗೆ ಬೈದದ್ದು ಅವರಿಗೆ ತಮ್ಮ ಮಗುವಿಗೆ ಬೈದಂತೆ ಕೇಳಿಸುತ್ತದೆ. ಎರಡೂ ಬೇಡ.

‘ಪುಳ್ಳಿ’ಯೂ ಇಂಥದ್ದೇ ತೊಡಕಿನದು. ಮಲಯಾಳದಲ್ಲಿ ಪುಳ್ಳಿ ಎಂದರೆ ಚುಕ್ಕೆ, ಮಚ್ಚೆ. ಬಿಳಿ ಗುರುತಿನ ಮರಿಗೆ ಅವರು ಹಾಗೆ ಕರೆದದ್ದು ಸಹಜ. ಆದರೆ ಹವ್ಯಕದಲ್ಲೂ ತುಳುವಿನಲ್ಲೂ ಪುಳ್ಳಿ ಎಂದರೆ ಮೊಮ್ಮಗು. ನೆಂಟರು ಬಂದು ‘ಪುಳ್ಳಿ ಎಲ್ಲಿ?’ ಎಂದು ಕೇಳುವ ಮನೆಯಲ್ಲಿ ಈ ಹೆಸರು ಓಡದು. ನಮ್ಮ ಸಪ್ತಭಾಷೆಗಳ ನಾಡಿನಲ್ಲಿ ಒಂದು ಮನೆಯ ಮುದ್ದಿನ ಮಾತು ಪಕ್ಕದ ಮನೆಯಲ್ಲಿ ಬೇರೆಯೇ ಆಗುವುದು ಹೀಗೆ. ಮಲಯಾಳದಲ್ಲಿ ಉಣ್ಣಿ ಎಂಬುದು ಹುಡುಗರ ಹೆಸರು, ಕನ್ನಡದಲ್ಲಿ ನಾಯಿಯ ಕಿವಿಯಲ್ಲಿ ಕೂರುವ ಹುಳ. ಕನ್ನಡದ ಕಾಳ ಎಂದರೆ ಕರಿಯ, ಮಲಯಾಳದ ಕಾಳ ಎಂದರೆ ಎತ್ತು. ಇಂಗ್ಲಿಷಿನ ‘ಪ್ಯಾಟಿ’ ಮಲಯಾಳದ ಕಿವಿಗೆ ‘ಪಟ್ಟಿ’ಯ ಹತ್ತಿರ ಬರುತ್ತದೆ, ಅದರ ಅರ್ಥ ನಾಯಿ, ಬೈಗುಳವೂ ಹೌದು. ತುಳುವಿನಲ್ಲಿ ಕಾಜಿ ಎಂದರೆ ಬಳೆ, ಮುಸ್ಲಿಮರಲ್ಲಿ ಖಾಜಿ ಎಂದರೆ ಗೌರವದ ಧಾರ್ಮಿಕ ಸ್ಥಾನ. ಹೆಸರು ಗಟ್ಟಿಮಾಡುವ ಮೊದಲು ಮಲಯಾಳ, ತುಳು, ಬ್ಯಾರಿ, ಕೊಂಕಣಿ, ಮರಾಠಿ ಮಾತಾಡುವ ಪರಿಚಯದ ಒಬ್ಬೊಬ್ಬರಲ್ಲಿ ಕೇಳಿಬಿಡಿ, ಹತ್ತು ನಿಮಿಷದ ಕೆಲಸ. ದೈವ ದೇವರ ಹೆಸರು, ಯಾವುದೇ ಧರ್ಮದ ಪೂಜ್ಯರ ಹೆಸರು, ಊರ ಹಿರಿಯರ ಹೆಸರು, ಜಾತಿಸೂಚಕ ಮಾತು ಇವು ಯಾವುವೂ ಬೇಡ. ನಾಯಿ ಕೀಳು ಎಂಬ ಕಾರಣಕ್ಕೆ ಹೀಗೆನ್ನುವುದಲ್ಲ. ಮುತ್ತಪ್ಪ ದೈವದ ಸನ್ನಿಧಿಯಲ್ಲಿ ನಾಯಿಗೆ ಎಷ್ಟು ಮರ್ಯಾದೆ ಇದೆಯೆಂದು ನಮ್ಮ ಭಾಗದವರಿಗೆ ಹೇಳಬೇಕಾಗಿಲ್ಲ. ಸಿಟ್ಟಿನಲ್ಲಿ, ಬೀದಿಯಲ್ಲಿ, ಕಸದ ರಾಶಿಯ ಪಕ್ಕದಲ್ಲಿ ನಿಂತು ಕೂಗಬೇಕಾದ ಹೆಸರು ಅದು ಎಂಬುದಕ್ಕೆ ಹೇಳಿದ್ದು.

‘ಹಂಸಧ್ವನಿ’ ಇಂಪಾದ ಹೆಸರು, ಆದರೆ ಕರೆಯಲು ಉದ್ದ. ಉದ್ದದ ಹೆಸರು ಹೇಗಿದ್ದರೂ ವಾರದೊಳಗೆ ತುಂಡಾಗುತ್ತದೆ, ಆ ತುಂಡನ್ನು ಯಾರೂ ಆರಿಸಿರುವುದಿಲ್ಲ. ಒಬ್ಬರು ಹಂಸ ಎನ್ನುತ್ತಾರೆ, ಇನ್ನೊಬ್ಬರು ಧ್ವನಿ ಎನ್ನುತ್ತಾರೆ, ಮತ್ತೆ ಎರಡು ಹೆಸರು. ಹಕಾರ ಬರೀ ಉಸಿರಾದ್ದರಿಂದ ಆರಂಭವೂ ಮೆದು.

ಹಾಗಾದರೆ ಬೇಕಾದ ಗುಣಗಳೇನು? ಎರಡು ಅಕ್ಷರ, ಹೆಚ್ಚೆಂದರೆ ಮೂರು. ಒಂದೇ ಅಕ್ಷರದ ಹೆಸರು ಮಾತಿನ ನಡುವೆ ಮುಳುಗುತ್ತದೆ. ಆರಂಭ ಕ, ಗ, ಟ, ಡ, ಪ, ಬ ಇಂಥ ತಡೆದು ಬಿಡುವ ವ್ಯಂಜನದಿಂದ ಆಗಲಿ. ಇವನ್ನು ಹೇಳುವಾಗ ಬಾಯಿ ಒಂದು ಕ್ಷಣ ಮುಚ್ಚಿ ಫಕ್ಕನೆ ತೆರೆಯುತ್ತದೆ. ಆ ಸಿಡಿತದಲ್ಲಿ ಕೆಳಗಿನಿಂದ ಮೇಲಿನ ತನಕ ಎಲ್ಲ ತರಂಗಗಳೂ ಇರುವುದರಿಂದ ಕಿವಿ ಚುರುಕಾಗುತ್ತದೆ. ಸಕಾರ ಶಕಾರಗಳೂ ನಾಯಿಯ ಗಮನ ಸೆಳೆಯುತ್ತವೆ ಎಂಬ ಮಾತಿದೆ, ಕೋಣೆಯೊಳಗೆ ಅದು ಸರಿ. ತೋಟದಲ್ಲಿ ಲೆಕ್ಕ ಬೇರೆ. ಎತ್ತರದ ತರಂಗಗಳು ದೂರ ಹೋದಂತೆ ಬೇಗ ಕುಗ್ಗುತ್ತವೆ, ಸೋಗೆ ಎಲೆಗಳು ಅವನ್ನು ಇನ್ನಷ್ಟು ತಡೆಯುತ್ತವೆ. ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ನಮ್ಮಲ್ಲಿ ಆಟಿ ತಿಂಗಳ ಮಳೆಯ ‘ಸೋ’ ಎಂಬ ಸದ್ದಿನಲ್ಲಿ ಸಕಾರ ಪೂರ್ತಿ ಮುಚ್ಚಿಹೋಗುತ್ತದೆ. ತೋಡಿನ ಆಚೆಗೆ ತಲುಪುವುದು ಬಾಯಿ ದೊಡ್ಡದಾಗಿ ತೆರೆದು ಹೇಳುವ ಉದ್ದದ ಸ್ವರ: ಆ, ಓ. ಹಾಗಾಗಿ ಮೊದಲ ಅಕ್ಷರದಲ್ಲಿ ದೀರ್ಘ ಸ್ವರವಿದ್ದರೆ ನಿಮಗೆ ಲಾಭ.

ಕೊನೆಯ ಸ್ವರದ ವಿಷಯ ಬಹುಭಾಷೆಯ ಮನೆಗಳಿಗೆ ಮುಖ್ಯ, ಆದರೆ ಹೆಚ್ಚಿನವರು ಇದನ್ನು ಯೋಚಿಸುವುದಿಲ್ಲ. ‘ಭೀಮ’ ಎಂದಿಟ್ಟರೆ ಕನ್ನಡದಲ್ಲಿ ಭೀಮ, ತುಳುವಿನಲ್ಲಿ ಭೀಮೆ, ಮಲಯಾಳದಲ್ಲಿ ಭೀಮನ್. ‘ಮ್ಯಾಕ್ಸ್’ ಎಂದಿಟ್ಟರೆ ಮಲಯಾಳದವರು ಕೊನೆಗೆ ಅರೆ ಉಕಾರ ಹೇಳುತ್ತಾರೆ, ನಾವು ಪೂರ್ತಿ ಉಕಾರ ಸೇರಿಸಿ ಮ್ಯಾಕ್ಸು ಮಾಡುತ್ತೇವೆ. ಹೆಸರು ಇಕಾರದಲ್ಲೋ ಉಕಾರದಲ್ಲೋ ಮುಗಿದರೆ ಈ ತೊಂದರೆಯಿಲ್ಲ. ಮೂರೂ ಭಾಷೆಯವರು ಕರೆಯುವಾಗ ಆ ಕೊನೆಯ ಸ್ವರವನ್ನೇ ಎಳೆಯುತ್ತಾರೆ: ಕುಟ್ಟೀ, ಬಾಬೂ. ನಿಮ್ಮಲ್ಲಿ ಜಿಮ್ಮಿಗೆ ಇಕಾರ ಹೋಗಿರುವುದರಿಂದ ಮರಿಗೆ ಉಕಾರ ಇರಲಿ.

ಈಗ ಆರಂಭದ ವ್ಯಂಜನ. ಕಕಾರದಿಂದ ಶುರುವಾಗುವ ಹೆಸರು ಒಳ್ಳೆಯದೆಂದರೂ ನಿಮ್ಮ ಚೀಟಿ ಅದಕ್ಕೆ ಅಡ್ಡ ಬರುತ್ತದೆ. ಉದಾಹರಣೆಗೆ ‘ಕಾಟಿ’ ಎಂದಿಟ್ಟುಕೊಳ್ಳಿ. ಕಂದು ಮೈಗೆ ಹೊಂದುವ, ಕಾಡುಕೋಣದ ಗಟ್ಟಿ ಹೆಸರು. ಆದರೆ ಕಾಯಿ, ಕಾಪಿ, ಕತ್ತಿ ಮೂರೂ ಅದರ ಮಗ್ಗುಲಲ್ಲೇ ಇವೆ. ಕೋಳಿ ಸಾಕುವ ಮನೆಯಲ್ಲಿ ‘ಗೋಳಿ’ಯೂ ನಡೆಯದು. ದ್ರಾವಿಡ ಭಾಷೆಗಳ ಒಂದು ಸ್ವಭಾವ ಇಲ್ಲಿ ನಮ್ಮ ಸಹಾಯಕ್ಕೆ ಬರುತ್ತದೆ: ಕನ್ನಡ, ತುಳು, ಮಲಯಾಳ ಮೂರರಲ್ಲೂ ಟಕಾರ, ಡಕಾರಗಳಿಂದ ಶುರುವಾಗುವ ಅಚ್ಚ ದೇಶೀ ಮಾತು ಅಪರೂಪ. ಇರುವವು ಹೆಚ್ಚಾಗಿ ಹೊರಗಿನಿಂದ ಬಂದವು, ಇಲ್ಲವೆ ಟಣ್, ಡಬ್ ಎಂಬಂಥ ಸದ್ದಿನ ಮಾತುಗಳು. ಆದ್ದರಿಂದ ಮನೆಮಾತಿನ ಗದ್ದಲದಲ್ಲಿ ಟ, ಡ ತಲೆಯ ಹೆಸರು ಎದ್ದು ಕೇಳಿಸುತ್ತದೆ. ಟಾಮಿ, ಟೈಗರ್ ಎಂಬ ಹೆಸರುಗಳು ನಮ್ಮ ಹಳ್ಳಿಗಳಲ್ಲಿ ಇಷ್ಟು ಗಟ್ಟಿಯಾಗಿ ಊರಿದ್ದಕ್ಕೆ ಇದೂ ಒಂದು ಕಾರಣ ಎಂದು ನನ್ನ ಎಣಿಕೆ. ಅವೆರಡನ್ನು ಬೇಡವೆನ್ನುವುದು ಓಣಿಗೊಂದು ಟೈಗರ್ ಇರುವುದರಿಂದ ಮಾತ್ರ.

ಇಷ್ಟನ್ನೂ ಕೂಡಿಸಿದರೆ ನಿಮ್ಮ ಮರಿಗೆ ನನ್ನ ಸಲಹೆ ‘ಡಾಬು’. ಹೆಂಗಸರು ಸೀರೆಯ ಮೇಲೆ ಸೊಂಟಕ್ಕೆ ಧರಿಸುವ ಆಭರಣ. ನಡುವಿಗೆ ಬಿಳಿ ಪಟ್ಟೆಯಿರುವ ಹೆಣ್ಣು ಮರಿಗೆ ಹುಡುಕಿ ಇಟ್ಟ ಹಾಗಿದೆ. ಡಕಾರದ ಆರಂಭ, ದೀರ್ಘ ಆಕಾರ, ನಡುವೆ ಇನ್ನೊಂದು ತಡೆಯ ವ್ಯಂಜನ, ಕೊನೆಗೆ ಉಕಾರ. ಜಿಮ್ಮಿಯೊಡನೆ ಒಂದು ಧ್ವನಿಯೂ ಹಂಚಿಕೊಳ್ಳುವುದಿಲ್ಲ. ಅಡುಗೆಮನೆಯ ‘ಡಬ್ಬಿ’ಯೊಂದನ್ನು ನೋಡಿಕೊಳ್ಳಬೇಕು. ಸ್ವರದ ಉದ್ದ, ಒತ್ತಕ್ಷರ, ಕೊನೆಯ ಸ್ವರ ಮೂರೂ ಬೇರೆ ಇರುವುದರಿಂದ ದೊಡ್ಡ ತೊಂದರೆಯಿಲ್ಲ. ಆದರೆ ಆಕಾರವನ್ನು ಎಳೆದೇ ಹೇಳಿ, ‘ಡಬು’ ಮಾಡಬೇಡಿ. ಬಾಬು ಎಂಬ ಹೆಸರಿನವರು ಮನೆಯಲ್ಲೋ ಪಕ್ಕದಲ್ಲೋ ಇದ್ದರೆ ಡಾಬು ಬಿಟ್ಟು ‘ಟೀಕು’ ಎಂದಿಡಿ. ತೇಗದ ಮರದ ಕಂದು ಬಣ್ಣಕ್ಕೆ ಹೊಂದುತ್ತದೆ, ಚಾಯ ಎನ್ನುವ ಮನೆಯಲ್ಲಿ ‘ಟೀ’ಯ ಗೊಂದಲವೂ ಇಲ್ಲ.

ಗಟ್ಟಿಮಾಡುವ ಮುನ್ನ ಎರಡು ಪರೀಕ್ಷೆ ಮಾಡಿ. ಮನೆಯ ಎಲ್ಲರೂ, ಹಲ್ಲಿಲ್ಲದ ಅಜ್ಜಿಯಿಂದ ಮೂರು ವರ್ಷದ ಮಗುವಿನ ತನಕ, ತೋಟಕ್ಕೆ ಬರುವವರೂ ಸೇರಿ, ಹೆಸರನ್ನು ಐದೈದು ಸಲ ಹೇಳಲಿ. ಒಂದೇ ಸದ್ದು ಬರುತ್ತಿದೆಯೆ ನೋಡಿ. ಬಳಿಕ ಒಬ್ಬರು ತೋಟದ ತುದಿಗೆ, ಸುಮಾರು ನೂರು ಮೀಟರ್ ದೂರ ಹೋಗಿ ಕರೆಯಲಿ. ಅಂಗಳದಲ್ಲಿ ನಿಂತವರಿಗೆ ಮೊದಲ ಅಕ್ಷರ ಬಿಡಿಯಾಗಿ ಕೇಳಿಸಿದರೆ ಹೆಸರು ಪಾಸು.

ಚಿಕ್ಕ ಹೆಸರಿನ ಜಾಣ್ಮೆ ನಮ್ಮವರಿಗೆ ಹೊಸದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಸುಮಾರು ಕ್ರಿ.ಶ. 949-50ರದು. ಗಂಗರ ದೊರೆ ಬೂತುಗನಿಂದ ಅವನ ವೀರ ಮಣಲೆರ ಮೆಚ್ಚುಗೆಯಾಗಿ ಬೇಡಿ ಪಡೆದ ಬೇಟೆನಾಯಿಯ ಹೆಸರು ‘ಕಾಳಿ’ ಎಂದು ಅದರಲ್ಲಿದೆ. ದೊಡ್ಡ ಕಾಡುಹಂದಿಯ ಮೇಲೆ ಬಿದ್ದು ಹೋರಾಡಿ, ಹಂದಿಯೂ ನಾಯಿಯೂ ಜೊತೆಗೆ ಸತ್ತವು. ಆ ನಾಯಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ಕಕಾರ, ದೀರ್ಘ ಆಕಾರ, ಎರಡೇ ಅಕ್ಷರ: ಸಾವಿರ ವರ್ಷದ ಹಿಂದೆ ಕಾಡಿನಲ್ಲಿ ಕೂಗಿ ಕರೆಯುತ್ತಿದ್ದವರು ಆರಿಸಿದ್ದೂ ಇಂಥ ಸದ್ದನ್ನೇ.

ಇನ್ನು ಕಲಿಸುವುದು. ಮರಿಯ ಕಿವಿಯ ನಾಳ ಹುಟ್ಟಿ ಎರಡು ವಾರದ ಸುಮಾರಿಗೆ ತೆರೆಯುತ್ತದೆ, ಎರಡು ತಿಂಗಳಿಗೆ ಕೇಳಿಸುವ ಶಕ್ತಿ ಪೂರ್ತಿ ಬಂದಿರುತ್ತದೆ. ಕಲಿಸಲು ಇದೇ ಒಳ್ಳೆಯ ಕಾಲ. ಬೇಯಿಸಿದ ಅರ್ಧ ಮೊಟ್ಟೆ, ಅಥವಾ ಉಪ್ಪಿಲ್ಲದ ಪನೀರು, ಬೇಯಿಸಿದ ಗೆಣಸು ಇವನ್ನು ಕಡಲೆಬೇಳೆಯಷ್ಟು ಸಣ್ಣ ಚೂರು ಮಾಡಿಟ್ಟುಕೊಳ್ಳಿ. ಒಣದ್ರಾಕ್ಷಿ, ದ್ರಾಕ್ಷಿ, ಚಾಕೊಲೇಟು, ನೀರುಳ್ಳಿ ಹಾಕಿದ ತಿನಿಸು ನಾಯಿಗೆ ವಿಷ. ತೋಟದಲ್ಲಿ ಕೊಕ್ಕೊ ಇದ್ದರೆ ಅದರ ಬೀಜವೂ ಹಾಗೆಯೇ. ತಿನಿಸು ಇಡೀ ದಿನದ ಆಹಾರದ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚಾಗಬಾರದು.

ಮೊದಲ ಮೂರು ದಿನ ಮನೆಯ ಒಳಗೆ, ಜಿಮ್ಮಿಯನ್ನು ಹೊರಗಿಟ್ಟು, ಒಬ್ಬರೇ ಕಲಿಸಿ. ಮರಿ ಎರಡು ಹೆಜ್ಜೆ ದೂರದಲ್ಲಿ ಬೇರೆ ಕಡೆ ನೋಡುತ್ತಿರುವಾಗ ಸಂತೋಷದ ಸ್ವರದಲ್ಲಿ ಒಂದೇ ಒಂದು ಸಲ ‘ಡಾಬು’ ಎನ್ನಿ. ತಲೆ ತಿರುಗಿಸಿದ ಕ್ಷಣವೇ ‘ಹಾಂ’ ಎಂದು, ಒಂದು ಸೆಕೆಂಡಿನೊಳಗೆ ಚೂರು ಬಾಯಿಗಿಡಿ. ತಡವಾದರೆ ಆ ನಡುವೆ ಅದು ಮಾಡಿದ ಇನ್ನೇನನ್ನೋ ಕಲಿಯುತ್ತದೆ. ತಿರುಗದಿದ್ದರೆ ಹೆಸರನ್ನು ಮತ್ತೆ ಹೇಳಬೇಡಿ. ‘ಚ್ಚು ಚ್ಚು’ ಮಾಡಿ ಗಮನ ಸೆಳೆದು ಆ ಸಲಕ್ಕೆ ಬಿಟ್ಟುಬಿಡಿ. ‘ಡಾಬು, ಡಾಬು, ಡಾಬೂ’ ಎಂದು ಮೂರು ಸಲ ಹೇಳುವವರ ನಾಯಿ ಮೂರನೆಯ ಸಲಕ್ಕೆ ಕಾಯುವುದನ್ನು ಕಲಿಯುತ್ತದೆ. ಒಂದು ಪಾಠಕ್ಕೆ ಹತ್ತು ಸಲ, ಎರಡೇ ನಿಮಿಷ, ದಿನಕ್ಕೆ ನಾಲ್ಕು ಪಾಠ. ಹತ್ತರಲ್ಲಿ ಎಂಟು ಸಲ ತಿರುಗಿದರೆ ಮುಂದಿನ ಹಂತಕ್ಕೆ: ಮನೆಯ ಉಳಿದವರು ಒಬ್ಬೊಬ್ಬರಾಗಿ, ಆಮೇಲೆ ಅಂಗಳದಲ್ಲಿ, ಎರಡನೆಯ ವಾರ ಹಗ್ಗ ಹಿಡಿದು ತೋಟದಲ್ಲಿ. ಜಾಗ ಬದಲಾದಾಗ ಮೊದಲ ದಿನ ಮರೆತಂತೆ ಕಾಣುತ್ತದೆ, ಗಾಬರಿ ಬೇಡ. ಒಂದು ಹಂತ ಹಿಂದೆ ಹೋಗಿ ಮತ್ತೆ ಬನ್ನಿ. ಚೆನ್ನಾಗಿ ಕಲಿತ ನಾಯಿ ಗದ್ದಲದಲ್ಲೂ ಹೆಸರು ಹಿಡಿಯುತ್ತದೆ. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ 2019ರ ಅಧ್ಯಯನದಲ್ಲಿ, ಹಿನ್ನೆಲೆಯ ಮಾತು ಕರೆಯುವ ದನಿಯಷ್ಟೇ ಗಟ್ಟಿಯಾಗಿದ್ದಾಗಲೂ ನಾಯಿಗಳು ತಮ್ಮ ಹೆಸರನ್ನು ಗುರುತಿಸಿದವು.

ಹೆಸರು ಮತ್ತು ‘ಬಾ’ ಒಂದೇ ಅಲ್ಲ. ಹೆಸರು ಗಮನಕ್ಕೆ, ಬಾ ಬರುವುದಕ್ಕೆ. ಹೆಸರಿಗೆ ತಿರುಗುವುದು ಗಟ್ಟಿಯಾದ ಮೇಲೆ ‘ಡಾಬು, ಬಾ ಬಾ ಬಾ’ ಎಂದು ಚುಟುಕಾಗಿ ಸೇರಿಸಿ. ಗಿಡ್ಡ ಗಿಡ್ಡ ಸದ್ದುಗಳ ಸಾಲು ನಾಯಿಯನ್ನು ಹತ್ತಿರಕ್ಕೆ ಓಡಿಸಿ ತರುತ್ತದೆ, ಒಂದೇ ಉದ್ದದ ಸದ್ದು ಅದನ್ನು ನಿಲ್ಲಿಸುತ್ತದೆ ಎಂದು ಅಮೆರಿಕದ ಪ್ರಾಣಿವರ್ತನೆಯ ತಜ್ಞೆ ಪೆಟ್ರೀಷಿಯಾ ಮೆಕ್‌ಕಾನೆಲ್ 1990ರಲ್ಲಿ ತೋರಿಸಿಕೊಟ್ಟರು. ಕಾಸರಗೋಡಿನ ಮಲಯಾಳದಲ್ಲೂ ‘ವಾ’ ಬದಲು ‘ಬಾ’ ಎನ್ನುವುದರಿಂದ ಈ ಒಂದು ಮಾತು ನಿಮ್ಮ ಎಲ್ಲರಿಗೂ ಸಮಾನವಾಗಿ ಸಿಗುತ್ತದೆ. ಉಳಿದ ಆಜ್ಞೆಗಳಿಗೂ ಮನೆಮಂದಿ ಒಂದೊಂದೇ ಮಾತು ನಿಶ್ಚಯಿಸಿ, ಗೋಡೆಗೆ ಅಂಟಿಸಿ.

ಕೆಡುವುದು ಎಲ್ಲಿ ಎಂದರೆ, ಬೈಯುವಲ್ಲಿ. ಚಪ್ಪಲಿ ಕಚ್ಚಿದಾಗ ‘ಡಾಬೂ!’ ಎಂದು ಅಬ್ಬರಿಸಿದರೆ, ಉಣ್ಣಿ ತೆಗೆಯಲು, ಸ್ನಾನಕ್ಕೆ, ಸಂಕೋಲೆ ಹಾಕಲು ಪ್ರತಿಸಲ ಹೆಸರು ಹಿಡಿದೇ ಕರೆದರೆ, ಹೆಸರು ಕೇಳಿದೊಡನೆ ಮರಿ ಮಂಚದ ಅಡಿಗೆ ಹೋಗುತ್ತದೆ. ತಪ್ಪು ತಡೆಯಲು ‘ಏಯ್’ ಎಂಬ ಬೇರೆಯೇ ಸದ್ದಿರಲಿ. ಇಷ್ಟವಿಲ್ಲದ ಕೆಲಸಕ್ಕೆ ನೀವೇ ಹತ್ತಿರ ಹೋಗಿ ಎತ್ತಿಕೊಳ್ಳಿ. ನಾಯಿಯ ಬಗ್ಗೆ ನೆಂಟರೊಡನೆ ಮಾತಾಡುವಾಗಲೂ ಮೊದಲ ಮೂರು ವಾರ ಹೆಸರು ಹೇಳದೆ ‘ಮರಿ’ ಎನ್ನಿ. ಆ ಮೂರು ವಾರ ಕಳೆದ ಮೇಲೆ ಅಮ್ಮ ಮಡಿಲಲ್ಲಿ ಕೂರಿಸಿಕೊಂಡು ಕೆಂಪಿ ಎಂದು ಮುದ್ದಿಸಿದರೆ ಏನೂ ಕೆಡುವುದಿಲ್ಲ. ದೂರದಿಂದ ಕರೆಯುವ ಹೆಸರು ಮಾತ್ರ ಒಂದೇ ಇರಲಿ.

ಎರಡೂ ನಾಯಿಗಳನ್ನು ಒಟ್ಟಿಗೆ ಕೂರಿಸುವುದು ಮೂರನೆಯ ವಾರದಲ್ಲಿ. ‘ಜಿಮ್ಮಿ’ ಎಂದು ಜಿಮ್ಮಿಗೆ ಚೂರು, ‘ಡಾಬು’ ಎಂದು ಡಾಬುವಿಗೆ ಚೂರು, ಸರದಿ ಬದಲಿಸುತ್ತ. ತನ್ನದಲ್ಲದ ಹೆಸರಿಗೆ ನುಗ್ಗಿದವರಿಗೆ ಇಲ್ಲ. ಜಿಮ್ಮಿ ಗುರುಗುಟ್ಟಿದರೆ ನಡುವೆ ನಾಲ್ಕು ಅಡಿ ಅಂತರ ಇಡಿ.

ಎರಡು ವಾರ ಕ್ರಮವಾಗಿ ಕಲಿಸಿದರೂ ಮರಿ ತಿರುಗದಿದ್ದರೆ, ಅದು ಕಾಣದ ಹಾಗೆ ಹಿಂದಿನಿಂದ ಚಪ್ಪಾಳೆ ತಟ್ಟಿ ನೋಡಿ. ಕಿವಿಯೂ ಅಲುಗದಿದ್ದರೆ ಅಥವಾ ಕಿವಿಯಿಂದ ವಾಸನೆ ಬರುತ್ತಿದ್ದರೆ ಪಶುವೈದ್ಯರಲ್ಲಿ ತೋರಿಸಿ. ನಮ್ಮ ಮಳೆಗಾಲದ ತೇವಕ್ಕೆ ಕಿವಿಯ ಸೋಂಕು ಬೇಗ ಹಿಡಿಯುತ್ತದೆ.

ತಂಗಿಯ ಮನೆಯ ನಾಯಿಗೆ ಹೊಸ ಹೆಸರು ಇಡಬಹುದು, ಮೂರು ವರ್ಷ ದೊಡ್ಡ ವಯಸ್ಸೇನಲ್ಲ. ಹಳೆಯ ಹೆಸರಿಗೆ ಕುಗ್ಗಿ ಮುದುಡುತ್ತಿದ್ದರೆ ಬದಲಿಸುವುದೇ ಒಳ್ಳೆಯದು. ಆದರೆ ಕ್ರಮ ತಪ್ಪಬಾರದು: ಹೊಸ ಹೆಸರು ಮೊದಲು, ಅರ್ಧ ಸೆಕೆಂಡು ಬಿಟ್ಟು ಹಳೆಯದು, ತಿರುಗಿದಾಗ ತಿನಿಸು. ಹೊಸದು ಕೇಳಿದರೆ ಹಳೆಯದು ಬರುತ್ತದೆ ಎಂದು ಅದು ಮುಂಚೆಯೇ ತಿರುಗಲು ಕಲಿಯುತ್ತದೆ. ಹಳೆಯದನ್ನು ಮೊದಲು ಹೇಳಿದರೆ ಹೊಸದನ್ನು ಕೇಳಬೇಕಾದ ಅಗತ್ಯವೇ ಅದಕ್ಕಿಲ್ಲ. ಹೆಚ್ಚಿನವರು ತಪ್ಪುವುದು ಇಲ್ಲಿಯೇ. ಒಂದು ವಾರದಿಂದ ಹತ್ತು ದಿನ ಹೀಗೆ ನಡೆಸಿ, ಆಮೇಲೆ ಹಳೆಯದನ್ನು ಮೆಲ್ಲಗೆ ಹೇಳುತ್ತ ಬಿಟ್ಟುಬಿಡಬೇಕು. ಹಳೆಯ ಹೆಸರು ಒಳ್ಳೆಯದಿದ್ದು ನಾಯಿ ಸಂತೋಷದಿಂದ ಓಗೊಡುತ್ತಿದ್ದರೆ ಬದಲಿಸುವ ಶ್ರಮವೇಕೆ?

ಮರಿಗೆ ಮೂರು ತಿಂಗಳಾದಾಗ ಹುಚ್ಚುನಾಯಿ ರೋಗದ ಮೊದಲ ಲಸಿಕೆ. ಆ ಕಾರ್ಡಿನಲ್ಲಿ ನಿಶ್ಚಯಿಸಿದ ಹೆಸರನ್ನೇ ಬರೆಸಿ, ಮಲಯಾಳದಲ್ಲಿ ಬರೆಯುವವರಿಗೆ ಡಾ ದೀರ್ಘ ಎಂದು ಹೇಳಿ. ಪಂಚಾಯತಿನ ನಾಯಿ ಲೈಸನ್ಸಿಗೆ ಈ ಲಸಿಕೆಯ ಪ್ರಮಾಣಪತ್ರವೇ ಆಧಾರ. ಎರಡರಲ್ಲೂ ಹೆಸರು ಒಂದೇ ಇರಲಿ. ಕೊರಳ ಪಟ್ಟಿಯ ಬಿಲ್ಲೆಯಲ್ಲಿ ಹೆಸರು ಬೇಡ, ನಿಮ್ಮ ಫೋನ್ ನಂಬರ್ ಸಾಕು. ಹೆಸರು ಗೊತ್ತಿದ್ದರೆ ಅಪರಿಚಿತರಿಗೆ ಕರೆದುಕೊಂಡು ಹೋಗುವುದು ಸುಲಭವಾಗುತ್ತದೆ.